ಓಡಿಹೋದೋಳ ಮರಕ್ಕೊಂದು ಅಡಿಟಿಪ್ಪಣಿ

ನಾನು ಸೊಸೆಯಾಗಿ ಬಂದ ಮನೆಯ ತೆಂಗಿನ ತೋಟದಲ್ಲಿ ಮರಗಳಿಗೆ ಹೆಸರಿದೆ. ಎಲ್ಲಾ ಮರಗಳಿಗೂ ಅಲ್ಲ, ಯಾವುದೋ ಕಾರಣಕ್ಕೆ ಎದ್ದು ಕಾಣುವ ಮರಗಳಿಗೆ ಮಾತ್ರ. ಬಾವಿಯ ಪಕ್ಕದ್ದು ಬಾವಿಮರ. ಬುಡದಲ್ಲಿ ಸೊಟ್ಟಗಾಗಿ ಆಮೇಲೆ ಬುದ್ಧಿ ಬಂದವನಂತೆ ನೆಟ್ಟಗೆ ಬೆಳೆದದ್ದು ಕುಂಟಪ್ಪ. ಮೈತುಂಬ ಹೊಂಬಾಳೆ ಬಿಟ್ಟು ಕಾಯಿ ಮಾತ್ರ ಕಚ್ಚದೆ ಉದುರಿಸುವುದು ಜಂಬಗಾತಿ. ಮದುವೆಯಾದ ಹೊಸದರಲ್ಲಿ ಒಂದು ಬೆಳಗ್ಗೆ ನಮ್ಮತ್ತೆ, "ಜಂಬಗಾತಿ ಹತ್ರ ಸೋಗೆ ಬಿದ್ದೈತೆ, ಎಳ್ಕಂಡು ಬಾರಮ್ಮ" ಅಂದಾಗ ಯಾರೋ ಹೆಂಗಸಿನ ಮೇಲೆ ಸೋಗೆ ಬಿದ್ದಿದೆ ಅಂದುಕೊಂಡು ಚಪ್ಪಲಿ ಕೂಡ ಹಾಕದೆ ಓಡಿದ್ದೆ. ಹೋಗಿ ನೋಡಿದರೆ ಮರ ಬಿಟ್ಟು ಇನ್ಯಾರೂ ಇರಲಿಲ್ಲ.

ಊರು ಮಾಯಸಂದ್ರದ ಹತ್ತಿರ. ನಾನು ಕನ್ನಡ ಪಾಠ ಮಾಡುವ ಕಾಲೇಜು ತುರುವೇಕೆರೆಯಲ್ಲಿ. ಒಂದು ದಿನ ಮೀಟಿಂಗಿನಲ್ಲಿ ನಮ್ಮ ಪ್ರಾಂಶುಪಾಲರು, "ಈ ವರ್ಷ ಎಲ್ಲರೂ ಒಂದೊಂದು ಪೇಪರ್ ಬಿಡಿ" ಅಂದರು, ತೋಟಕ್ಕೆ ನೀರು ಬಿಡಿ ಅಂದಷ್ಟೇ ಸಲೀಸಾಗಿ. ಬಿಡಬೇಕಾದದ್ದು ಸಂಶೋಧನಾ ಪತ್ರಿಕೆಗೆ ಲೇಖನ. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯಾಚೆ ತೋಟಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಈ ಹೆಸರುಗಳ ಬಗ್ಗೆಯೇ ಯಾಕೆ ಬರೆಯಬಾರದು ಅಂತ ಹೊಳೆದದ್ದು ಆಗಲೇ.

ಅಕ್ಕಪಕ್ಕದ ಊರಿನ ತೋಟಗಳನ್ನು ಸುತ್ತಿ, ಹೆಂಗಸರನ್ನು ಕೇಳಿ ಕೇಳಿ ಹೆಸರು ಸೇರಿಸಿದೆ. ಆದರೆ ಹೆಚ್ಚು ಹೇಳಿದ್ದು ನಮ್ಮತ್ತೆಯೇ. ಸಂಜೆ ಜಗುಲಿಯಲ್ಲಿ ಕೂತು ಅವರು ಹೇಳೋದು, ನಾನು ಬರೆದುಕೊಳ್ಳೋದು. ನನ್ನ ಪೆನ್ನು ಜೋರಾಗಿ ಓಡಿದಷ್ಟೂ ಅವರ ಕಥೆಗೆ ರೆಕ್ಕೆ ಬರುತ್ತಿತ್ತು. ಹಾಗೆ ಬಂದ ಕಥೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಓಡಿಹೋದೋಳ ಮರದ್ದು. ತೋಟದ ಅಂಚಿನಲ್ಲಿ, ಬಸ್ಸಿನ ರಸ್ತೆಗೆ ತಾಗಿಕೊಂಡು ಇರುವ ಮರ ಅದು.

"ನಮ್ಮ ಮಾವನೋರ ಅಜ್ಜಿ ಕಾಲದ್ದು ಕಣಮ್ಮ. ಹೊಸದಾಗಿ ಬಂದ ಸೊಸೆ ಒಬ್ಳು ಅತ್ತೆ ಕಾಟ ತಡೀಲಾರದೆ ಓಡಿಹೋದ್ಲು. ಹುಡುಕ್ಕಂಡು ಹೋದ್ರೆ ಆ ಮರದ ಕೆಳಗೆ ಅಳ್ತಾ ಕುಂತಿದ್ಲು. ಅವಳ ಕಣ್ಣೀರು ಬುಡಕ್ಕೆ ಇಳೀತು. ಅದಕ್ಕೇ ಆ ಮರದ ಎಳನೀರು ಇವತ್ತಿಗೂ ಒಂಚೂರು ಉಪ್ಪುಪ್ಪು."

ನಾನು ಮಾರನೆಯ ದಿನವೇ ಕಾಯಿ ಕೆಡವುವವರ ಕೈಲಿ ಎಳನೀರು ಇಳಿಸಿ ಕುಡಿದೆ. ಉಪ್ಪುಪ್ಪಾಗಿದೆ ಅನ್ನಿಸಿತು. ಹಾಗಂತ ಬರೆದೂ ಬರೆದೆ. ಹಿಂದಿನ ತಲೆಮಾರಿನ ಹೆಣ್ಣಿನ ನೋವು, ಅದನ್ನು ಮರದ ಹೆಸರಿನಲ್ಲಿ ಉಳಿಸಿಕೊಂಡ ಸಾಮೂಹಿಕ ಸ್ಮರಣೆ ಅಂತೆಲ್ಲ ಒಂದು ಅಧ್ಯಾಯದಷ್ಟು ಆಯಿತು. ಓದಿಕೊಂಡು ನಾನೇ ಮೆಚ್ಚಿಕೊಂಡೆ.

ಬರೆದದ್ದು ಸುಲಭದ ಭಾಗ ಅಂತ ಗೊತ್ತಾದದ್ದು ಆಮೇಲೆ. ಪತ್ರಿಕೆಯವರು ಕಳಿಸಿದ ಸೂಚನೆಗಳ ಕಡತ ನನ್ನ ಲೇಖನಕ್ಕಿಂತ ಉದ್ದವಿತ್ತು. ಅಂಚು ಇಷ್ಟು ಬಿಡಬೇಕು, ಸಾಲಿನ ನಡುವೆ ಇಷ್ಟು ಜಾಗ, ಸಾರಾಂಶ ಇಷ್ಟೇ ಪದ, ಕೀಲಿಪದಗಳು ಇಷ್ಟೇ, ಅಡಿಟಿಪ್ಪಣಿ ಪುಟದ ಕೆಳಗಲ್ಲ ಲೇಖನದ ಕೊನೆಗೆ. ಹಾಗಾದರೆ ಅದನ್ನು ಅಡಿಟಿಪ್ಪಣಿ ಅಂತ ಯಾಕೆ ಕರೀಬೇಕು ಅಂತ ಕೇಳೋಣ ಅನ್ನಿಸಿತ್ತು, ಕೇಳಲಿಲ್ಲ.

ತುರುವೇಕೆರೆಯಲ್ಲಿ ನನಗೆ ಟೈಪ್ ಮಾಡಿಕೊಡುವವರು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡುಗಳ ಮನುಷ್ಯ. ತುಂಬ ಒಳ್ಳೆಯವರು. ಎರಡು ದಿನ ಬಿಟ್ಟು ಹೋದಾಗ ಲೇಖನದ ಸುತ್ತ ಬಳ್ಳಿಯ ಬಾರ್ಡರ್ ಹಾಕಿ, ನೆತ್ತಿಯ ಮೇಲೆ ಗಣಪತಿಯನ್ನು ಕೂರಿಸಿ, ಕೆಳಗೆ ಎರಡೂ ಕಡೆ ತೆಂಗಿನಕಾಯಿ ಕಲಶ ಇಟ್ಟಿದ್ದರು.

"ಗಣಪತಿ ಬೇಡ್ವಲ್ಲ ಸಾರ್" ಅಂದೆ.

"ತೆಗೆದುಬುಡಲಾ ಮೇಡಂ? ವಿಘ್ನ ಬಂದ್ರೆ ನನ್ನ ಕೇಳ್ಬೇಡಿ" ಅಂದರು. ಕಲಶವನ್ನಾದರೂ ಉಳಿಸಿಕೊಳ್ಳಿ, ವಿಷಯಕ್ಕೆ ಹೊಂದುತ್ತೆ ಅಂತ ಒಂದು ಮಾತು ಹೇಳಿ ನೋಡಿದರು. ಆಮೇಲೆ ಅವರ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ತಮ್ಮ ಅಕ್ಷರ ಬಿಟ್ಟು ಪಕ್ಕದ ಅಕ್ಷರದ ಜೊತೆ ಹೋಗಿ ಕೂತವು. ಅವನ್ನು ವಾಪಸ್ಸು ಅವರವರ ಮನೆ ಸೇರಿಸುವಷ್ಟರಲ್ಲಿ ನನ್ನ ರಜೆಗಳೆಲ್ಲ ಖರ್ಚಾದವು.

ಮುಂದಿನದು ಹೆಸರಿನ ತಾಪತ್ರಯ. ಲೇಖನವನ್ನು ಓದಿ ನೋಡುವ ವಿಮರ್ಶಕರಿಗೆ ಬರೆದವರು ಯಾರೆಂದು ಗೊತ್ತಾಗಬಾರದು ಅನ್ನುವುದು ನಿಯಮ. ನನ್ನ ಹೆಸರು ತೆಗೆದರೆ ಸಾಲದು, "ನಮ್ಮ ತೋಟ", "ನಮ್ಮತ್ತೆ" ಅಂತೆಲ್ಲ ಬರೆದ ಕಡೆಗಳನ್ನೂ ಅಳಿಸಬೇಕು. ಹಾಗಾಗಿ ನಮ್ಮತ್ತೆ "ವಕ್ತೃ ಒಂದು" ಆದರು. ಜಾನಪದದವರು ಹೇಳಿಕೊಟ್ಟವರನ್ನು ಕರೆಯುವ ಹೆಸರು ಅದು. ಟೈಪಾದ ಪುಟಗಳನ್ನು ತಂದು ಜಗುಲಿಯಲ್ಲಿ ಇಟ್ಟುಕೊಂಡಿದ್ದಾಗ ಅವರು ಬಂದು ಕೂತರು.

"ನನ್ನ ಹೆಸ್ರು ಎಲ್ಲೈತೆ, ತೋರ್ಸು."

"ಇಲ್ಲಿ ವಕ್ತೃ ಒಂದು ಅಂತಿದೆಯಲ್ಲ ಅತ್ತೆ, ಅದು ನೀವೇ."

"ವಕ್ತೃ ಅಂದ್ರೇನು?"

"ಹೇಳಿದೋರು ಅಂತ."

"ಹೇಳಿದೋಳಿಗೆ ಹೆಸ್ರು ಇಲ್ವಾ? ಕುಂಟಪ್ಪನ ಹೆಸ್ರು ಹಾಕಿದೀಯ, ಜಂಬಗಾತಿ ಹೆಸ್ರು ಹಾಕಿದೀಯ. ಮರಕ್ಕಿಂತ ಕಡೆಯಾದ್ನಾ ನಾನು?"

ಕೊನೆಯಲ್ಲಿ ವಕ್ತೃಗಳ ವಿವರ ಕೊಡುವ ಜಾಗವಿದೆ, ಲೇಖನ ಒಪ್ಪಿಗೆಯಾದ ಮೇಲೆ ಅಲ್ಲಿ ಹೆಸರು ಬರುತ್ತೆ ಅಂತ ಸಮಾಧಾನ ಮಾಡಿದೆ. ವಯಸ್ಸು, ಊರು, ವೃತ್ತಿ ಎಲ್ಲ ಬರುತ್ತೆ ಅಂದೆ.

"ವೃತ್ತಿ ಏನು ಹಾಕಿದೀಯ?"

"ಗೃಹಿಣಿ."

ಅವರು ಒಳಗೆ ಕಾಫಿ ಕುಡಿಯುತ್ತಿದ್ದ ಮಾವನ ಕಡೆ ಒಮ್ಮೆ ನೋಡಿದರು. "ಹಂಗಾದ್ರೆ ತ್ವಾಟ ನೋಡ್ಕಳೋರು ಯಾರು, ಅವ್ರಾ?" ಅಂದರು. ಮಾವ ಲೋಟದಿಂದ ಮುಖ ಎತ್ತಲಿಲ್ಲ. ನಾನು ಗೃಹಿಣಿ ಹೊಡೆದುಹಾಕಿ ಬೇಸಾಯ ಅಂತ ಬರೆದೆ.

ಇಷ್ಟೆಲ್ಲ ಆದಮೇಲೆ ನಾನೇ ಒಂದು ಘನಕಾರ್ಯ ಮಾಡಿದೆ. ಸೂಚನೆಗಳಲ್ಲಿ "ಶೈಲಿ ಗಂಭೀರವಾಗಿರಲಿ" ಅಂತ ಒಂದು ಸಾಲಿತ್ತು. ಮರ ಅನ್ನುವ ಮಾತು ತೀರಾ ಮನೆಮಾತಾಯಿತೇನೋ, ವೃಕ್ಷ ಅಂದರೆ ತೂಕ ಬರುತ್ತೆ ಅನ್ನಿಸಿತು. ಕಂಪ್ಯೂಟರಿಗೆ ಮರ ಇದ್ದ ಕಡೆಯೆಲ್ಲ ವೃಕ್ಷ ಹಾಕು ಅಂತ ಒಂದೇ ಏಟಿಗೆ ಹೇಳಿ, ಮೊದಲ ಪುಟ ಕಣ್ಣಾಡಿಸಿ, ಕಳಿಸಿಬಿಟ್ಟೆ.

ಕೆಲವು ತಿಂಗಳ ನಂತರ ಸಂಪಾದಕರ ಫೋನು ಬಂತು. ಮೆಲುಮಾತಿನ ಮನುಷ್ಯ.

"ಮೇಡಂ, ಲೇಖನ ಚೆನ್ನಾಗಿದೆ. ಕೆಲವು ಪರಿಭಾಷೆಗಳ ಬಗ್ಗೆ ಮಾತ್ರ ಕೇಳಬೇಕಿತ್ತು. ಈ ಸ್ವೃಕ್ಷಣೆ ಅಂದರೆ ಏನು?"

"ಏನಂದ್ರಿ ಸರ್?"

"ಸಾಮೂಹಿಕ ಸ್ವೃಕ್ಷಣೆ ಅಂತ ಬಹಳ ಕಡೆ ಬಳಸಿದ್ದೀರಿ. ಆಮೇಲೆ ಇಲ್ಲೊಂದು ಕಡೆ, 'ಆಧುನಿಕ ಸಮಾಜ ಇದನ್ನು ವೃಕ್ಷೆತಿದೆ' ಅಂತಿದೆ."

ನನ್ನ ಪ್ರತಿ ತೆರೆದು ನೋಡಿದೆ. ಸ್ಮರಣೆಯೊಳಗೆ ಒಂದು ಮರ ಇದೆ, ಮರೆಯುವುದರೊಳಗೂ ಒಂದು ಮರ ಇದೆ ಅನ್ನುವುದು ಇಷ್ಟು ವರ್ಷ ಕನ್ನಡ ಪಾಠ ಮಾಡಿದರೂ ನನಗೆ ಹೊಳೆದಿರಲಿಲ್ಲ. ಕಂಪ್ಯೂಟರು ಮಾತ್ರ ಒಂದನ್ನೂ ಬಿಡದೆ ಹುಡುಕಿ ಕಡಿದಿತ್ತು. ಮರುದಿನ ವೃಕ್ಷುದಿನವಾಗಿತ್ತು. ವಿಮರ್ಶೆ ಏನಾಗಿತ್ತೆಂದು ಬಾಯಲ್ಲಿ ಹೇಳಲು ಆಗುವುದಿಲ್ಲ.

ನಡೆದದ್ದನ್ನು ಹೇಳಿದೆ. ಅವರು ಆ ಕಡೆ ಸ್ವಲ್ಪ ಹೊತ್ತು ಫೋನು ದೂರ ಹಿಡಿದಿದ್ದರು ಅಂತ ಕಾಣುತ್ತದೆ. ವಾಪಸ್ಸು ಬಂದಾಗ ದನಿ ಇನ್ನೂ ಅಲುಗುತ್ತಿತ್ತು.

"ಒಬ್ಬ ವಿಮರ್ಶಕರು ಸಾಮೂಹಿಕ ಸ್ವೃಕ್ಷಣೆಯ ಸೈದ್ಧಾಂತಿಕ ಹಿನ್ನೆಲೆ ಇನ್ನಷ್ಟು ವಿವರಿಸಬೇಕು ಅಂದಿದ್ದಾರೆ. ಅವರಿಗೆ ನಾನು ತಿಳಿಸ್ತೀನಿ ಬಿಡಿ. ಆದರೆ ಇನ್ನೊಬ್ಬರದು ನಿಜವಾದ ಪ್ರಶ್ನೆ. ಆ ಓಡಿಹೋದ ಸೊಸೆಯ ಐತಿಹ್ಯಕ್ಕೆ ನೀವು ವಕ್ತೃ ಒಂದು ಅನ್ನೋರನ್ನ ಮಾತ್ರ ನಂಬಿದ್ದೀರಿ. ಇನ್ನೊಬ್ಬರ ಬಾಯಲ್ಲಿ ಕೇಳಿ. ಎಳನೀರಿನ ಉಪ್ಪಿಗೂ ಏನಾದರೂ ಆಧಾರ ಬೇಕಂತೆ."

ಮರಗಳನ್ನೆಲ್ಲ ಒಂದೊಂದಾಗಿ ಮತ್ತೆ ನೆಟ್ಟೆ. ಇನ್ನೊಬ್ಬ ವಕ್ತೃ ಯಾರು ಅಂತ ಯೋಚಿಸಿದಾಗ ನೆನಪಾದದ್ದು ಮಾವನ ತಂಗಿ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವರು, ಈಗ ಹುಳಿಯಾರಿನಲ್ಲಿ ಗಂಡನ ಅಂಗಡಿ ನೋಡಿಕೊಳ್ಳುತ್ತಾರೆ. ನಾನು ಅವರನ್ನು ಹುಳಿಯಾರತ್ತೆ ಅಂತಲೇ ಕರೆಯುವುದು. ಅವರನ್ನು ಕೇಳ್ತೀನಿ ಅಂದಾಗ ನಮ್ಮತ್ತೆ ರಾಗಿ ಹಸನು ಮಾಡುತ್ತಿದ್ದರು. ಮೊರ ನಿಂತಿತು.

"ಅವ್ಳಿಗೇನು ಗೊತ್ತು? ಆಗ ಚಿಕ್ಕೋಳು."

"ನಿಮ್ಮ ಮಾವನೋರ ಅಜ್ಜಿ ಕಾಲದ ಕಥೆ ಅಂದ್ರಿ. ಆಗ ಯಾರೂ ಹುಟ್ಟಿರಲಿಲ್ವಲ್ಲ ಅತ್ತೆ."

"ಅದೇ ನಾನೂ ಹೇಳಿದ್ದು. ಹುಟ್ಟೇ ಇರ್ಲಿಲ್ಲ, ಅವ್ಳಿಗೇನು ಗೊತ್ತು." ಮೊರ ಜೋರಾಗಿ ಆಡತೊಡಗಿತು. ಸ್ವಲ್ಪ ಹೊತ್ತು ಬಿಟ್ಟು, "ಹೋಗೋದಾದ್ರೆ ನಾನೂ ಬತ್ತೀನಿ" ಅಂದರು.

ಭಾನುವಾರ ಹೊರಟೆವು. ತುರುವೇಕೆರೆಯಲ್ಲಿ ಒಂದು ಬಸ್ಸು ಬದಲಾಯಿಸಿ, ಚಿಕ್ಕನಾಯಕನಹಳ್ಳಿಯಲ್ಲಿ ಇನ್ನೊಂದು. ಬಸ್ಸಿನಲ್ಲಿ ಪಕ್ಕದವರ ಮಗಳ ಹೆರಿಗೆಯವರೆಗೂ ವಿಚಾರಿಸುವ ನಮ್ಮತ್ತೆ ಅವತ್ತು ಬಾಯಿ ಬಿಡಲಿಲ್ಲ. ತೋಟಗಳು ಹಿಂದೆ ಬಿದ್ದು ಬಯಲು ಶುರುವಾದಾಗ ಮಾತ್ರ, "ನಿನ್ನ ಪೇಪರ್ರು ಉಪ್ಪಿಲ್ದೆ ಇದ್ರೂ ನಡೀತಿತ್ತು" ಅಂತ ಗೊಣಗಿದರು.

ಹುಳಿಯಾರತ್ತೆ ನಗುವ ಹೆಂಗಸು. ಅಂಗಡಿಯಲ್ಲಿ ಗಂಡನನ್ನು ಕೂರಿಸಿ, ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ, ಮಂಡಕ್ಕಿ ಒಗ್ಗರಣೆ ಹಾಕಿ ತಂದಿಟ್ಟರು. ನಾನು ನನ್ನ ಪ್ರಶ್ನೆಯನ್ನು ಕಲಿತ ರೀತಿಯಲ್ಲೇ ಕೇಳಿದೆ, ಉತ್ತರ ನಾವೇ ಬಾಯಿಗೆ ಹಾಕಬಾರದು ಅನ್ನುವ ಎಚ್ಚರದಲ್ಲಿ.

"ನಮ್ಮ ತೋಟದಲ್ಲಿ ರಸ್ತೆ ಬದಿಗೆ ಒಂದು ಮರ ಇದೆಯಲ್ಲ, ಓಡಿಹೋದೋಳ ಮರ ಅಂತ. ಆ ಹೆಸರು ಹೇಗೆ ಬಂತು ಅಂತ ಗೊತ್ತಾ ಅತ್ತೆ?"

ಹುಳಿಯಾರತ್ತೆ ನನ್ನನ್ನು ನೋಡಿದರು, ಆಮೇಲೆ ಅತ್ತಿಗೆಯನ್ನು ನೋಡಿದರು. ನಮ್ಮತ್ತೆ ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದರು.

"ಅತ್ತಿಗೆ, ಇವಳಿಗೆ ಏನಂತ ಹೇಳಿದೀರಾ?"

"ಹೇಳಿದೀನಿ, ಮುತ್ತಜ್ಜಿ ಕಾಲದ್ದು ಅಂತ."

ಹುಳಿಯಾರತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು. ನಗು ಸೆರಗನ್ನೂ ದಾಟಿ ಬಂತು. "ಆ ಹೆಸರಿಟ್ಟೋಳು ನಾನು ಕಣಮ್ಮ. ಓಡಿಹೋದೋರು ಇವ್ರು."

"ಓಡಿಹೋಗಿದ್ದಲ್ಲ" ಅಂದರು ನಮ್ಮತ್ತೆ, ತಟ್ಟೆಯಿಂದ ಕಣ್ಣೆತ್ತದೆ. "ಎಮ್ಮೆ ನೋಡ್ಕಂಡು ಬರೋಕೆ ಹೊರಟಿದ್ದೆ."

ಹಾಗೆ ಆ ಮಧ್ಯಾಹ್ನ ಇಬ್ಬರೂ ಸೇರಿ, ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತ, ನಡೆದದ್ದನ್ನು ಹೇಳಿದರು. ನಮ್ಮತ್ತೆಯ ತವರು ಅರಳಗುಪ್ಪೆ ಕಡೆ. ಅಲ್ಲಿ ಅವರೇ ಕರುವಿನಿಂದ ಸಾಕಿದ ಎಮ್ಮೆಯೊಂದಿತ್ತು, ಚೊಚ್ಚಲ ಗಬ್ಬ. ಬೇರೆ ಯಾರಾದರೂ ಹತ್ತಿರ ಹೋದರೆ ಒದೆಯುತ್ತಿತ್ತಂತೆ. ಮದುವೆಯಾಗಿ ಬಂದಮೇಲೆ ಅದು ಈಯುವ ದಿನ ಹತ್ತಿರ ಬಂತು. ಒಂದು ಸಲ ಹೋಗಿ ಬರ್ತೀನಿ ಅಂತ ತಮ್ಮ ಅತ್ತೆಯನ್ನು ಕೇಳಿದರೆ ಅವರು ಇದು ಕೇಳುವ ವಿಷಯವೇ ಅಲ್ಲ ಅನ್ನುವ ಹಾಗೆ ಬೇರೆ ಮಾತು ತೆಗೆದರು. ಗಂಡನ ಹತ್ತಿರ ಹೇಳೋಣವೆಂದರೆ ಇನ್ನೂ ಮುಖ ನೋಡಿ ಮಾತಾಡುವಷ್ಟು ಸಲುಗೆ ಬಂದಿರಲಿಲ್ಲ. ಒಂದು ಮಧ್ಯಾಹ್ನ ಹುಲ್ಲು ತರುವ ನೆಪದಲ್ಲಿ ತೋಟ ದಾಟಿ, ಕುಡುಗೋಲನ್ನು ಬೇಲಿಗೆ ಸಿಗಿಸಿ, ರಸ್ತೆ ಬದಿಯ ಮರದ ಕೆಳಗೆ ಬಸ್ಸಿಗೆ ಕಾದು ಕೂತರು.

"ಬಸ್ಸೇ ಬರ್ಲಿಲ್ಲ" ಅಂದರು ಹುಳಿಯಾರತ್ತೆ. "ಸ್ಕೂಲಿಂದ ಬತ್ತಿದ್ದೆ ನಾನು. ಅತ್ತಿಗೆ ಅಲ್ಲಿ ಕುಂತವ್ರೆ. ಯಾಕೆ ಅಂದ್ರೆ ಮಾತಿಲ್ಲ. ಪಕ್ಕದಲ್ಲಿ ಕುಂತೆ. ಬ್ಯಾಗಲ್ಲಿ ಹುರಿದ ಕಡಲೆಬೀಜ ಇತ್ತು, ಇಬ್ರೂ ತಿಂದ್ವಿ."

"ಅಳ್ತಿದ್ರಾ?" ಅಂತ ಕೇಳಿದೆ, ಲೇಖನದ ಆಸೆ ಇನ್ನೂ ಬಿಟ್ಟಿರಲಿಲ್ಲ.

"ಅಳೋದೇನು ಬಂತು, ಇವ್ರು ಸಿಟ್ಟಲ್ಲಿ ಇದ್ರು. ಬಸ್ಸಿನೋನ್ನ ಬೈತಿದ್ರು."

ಸಂಜೆಯಾಗುತ್ತಿದ್ದ ಹಾಗೆ ಇಬ್ಬರೂ ಎದ್ದು, ಒಂದೊಂದು ಹಿಡಿ ಹುಲ್ಲು ಕಿತ್ತುಕೊಂಡು ಮನೆಗೆ ಬಂದರು. ಯಾರಿಗೂ ಗೊತ್ತಾಗಲಿಲ್ಲ. ಕೆಲವು ದಿನದ ಮೇಲೆ ತವರಿಂದ ಒಂದು ಪಾತ್ರೆ ಗಿಣ್ಣು ಬಂತು. ಎಲ್ಲರೂ ಚಪ್ಪರಿಸಿಕೊಂಡು ತಿಂದರು, ನಮ್ಮತ್ತೆ ಮಾತ್ರ ಮುಟ್ಟಲಿಲ್ಲ. ಆವತ್ತಿಂದ ಪುಟ್ಟ ನಾದಿನಿ ಅತ್ತಿಗೆಯನ್ನು ರೇಗಿಸಲು ಆ ಮರವನ್ನು ಹಾಗೆ ಕರೆಯತೊಡಗಿದಳು. ಮನೆಯವರು ಕಾರಣ ಕೇಳದೆ ಅದನ್ನೇ ಹಿಡಿದುಕೊಂಡರು. ಯಾರೋ ಒಮ್ಮೆ ಯಾಕೆ ಆ ಹೆಸರು ಅಂತ ಕೇಳಿದಾಗ ನಮ್ಮತ್ತೆ ತಕ್ಷಣ ಒಬ್ಬ ಮುತ್ತಜ್ಜಿಯನ್ನು ಹುಟ್ಟಿಸಿದರು.

"ಎಳನೀರು ಉಪ್ಪು ಅಂದಿದ್ದು?"

"ನೀನು ಅಷ್ಟು ಇಷ್ಟಪಟ್ಟು ಬರ್ಕಂತಿದ್ದೆ. ಇನ್ನೊಂಚೂರು ಇರ್ಲಿ ಅಂತ ಸೇರಿಸ್ದೆ" ಅಂದರು ನಮ್ಮತ್ತೆ. "ನೀನೂ ಕುಡಿದು ಹೌದು ಅಂದ್ಯಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಮೌನವಾಗಿ ಕೂತವಳು ನಾನು. ಒಂದು ಅಧ್ಯಾಯದಷ್ಟು ಬರೆದ ಹೆಣ್ಣಿನ ಕಣ್ಣೀರು ಹುಳಿಯಾರಿನ ಅಂಗಡಿ ಹಿಂದಿನ ಕೋಣೆಯಲ್ಲಿ ಇಂಗಿಹೋಗಿತ್ತು. ಆದರೆ ಚಿಕ್ಕನಾಯಕನಹಳ್ಳಿ ಬರುವಷ್ಟರಲ್ಲಿ ಬೇರೊಂದು ಯೋಚನೆ ಬಂತು. ಐತಿಹ್ಯಗಳು ಹೇಗೆ ಹುಟ್ಟುತ್ತವೆ ಅಂತ ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಹುಟ್ಟಿಸಿದವರು ಪಕ್ಕದ ಸೀಟಿನಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿರುವುದನ್ನು ನೋಡಿದ್ದು ಅದೇ ಮೊದಲು.

"ಅತ್ತೆ, ನಿಜವಾಗಿ ನಡೆದದ್ದನ್ನ ಬರೀಲಾ? ಬೇಡ ಅಂದ್ರೆ ಆ ಭಾಗವನ್ನೇ ತೆಗೆದುಬಿಡ್ತೀನಿ."

ಅವರು ಹಣ್ಣು ತಿಂದು ಮುಗಿಸುವವರೆಗೂ ಯೋಚಿಸಿದರು. "ಆ ಪುಸ್ತಕ ಯಾರು ಓದ್ತಾರೆ?"

"ನಮ್ಮಂಥ ಮೇಷ್ಟ್ರುಗಳು."

"ನಮ್ಮೂರೋರು?"

"ಯಾರೂ ಓದಲ್ಲ."

"ಹಂಗಾದ್ರೆ ಬರಿ. ಹೆಸ್ರು ಮಾತ್ರ ಬೇಡ ಬುಡು. ಆ ವಕ್ತೃನೋ ಏನೋ ಅಂದ್ಯಲ್ಲ, ಅದೇ ಇರ್ಲಿ."

ಬರೆಯುವುದು ಈ ಸಲ ಬೇಗ ಆಯಿತು. ಒಂದು ತಮಾಷೆಯ ಹೆಸರು, ಅದನ್ನು ಮುಚ್ಚಿಕೊಳ್ಳಲು ಹುಟ್ಟಿದ ಒಂದು ಕಥೆ, ಕಥೆಗೆ ಸೇರಿಕೊಂಡ ಉಪ್ಪು, ಅದನ್ನು ಕುಡಿದು ಒಪ್ಪಿಕೊಂಡ ಸಂಶೋಧಕಿ, ಎಲ್ಲವನ್ನೂ ಇದ್ದ ಹಾಗೆ ಬರೆದೆ. ಮರವನ್ನು ಮರ ಅಂತಲೇ ಬಿಟ್ಟೆ. ಕೀಲಿಪದಗಳಲ್ಲಿ ತೆಂಗು, ಹೆಸರು, ಐತಿಹ್ಯ ಆದಮೇಲೆ ಇನ್ನೊಂದಕ್ಕೆ ಜಾಗವಿತ್ತು. ಎಮ್ಮೆ ಅಂತ ಹಾಕಿದೆ. ಸಂಪಾದಕರು ಮತ್ತೆ ಫೋನು ಮಾಡಿ, "ಎಮ್ಮೆ ಬೇಕೇ ಮೇಡಂ?" ಅಂದರು. "ಅದಿಲ್ಲದಿದ್ದರೆ ಲೇಖನವೇ ಇಲ್ಲ ಸರ್" ಅಂದೆ. ಅವರು, "ಸರಿ, ಎಮ್ಮೆಯನ್ನು ಹುಡುಕಿಕೊಂಡು ಬಂದವರಿಗಾದರೂ ನಿಮ್ಮ ಲೇಖನ ಸಿಗಲಿ" ಅಂದರು.

ಸಂಚಿಕೆ ಅಂಚೆಯಲ್ಲಿ ಬಂದಾಗ ಬೇಸಿಗೆ ರಜೆ. ಅಟ್ಟದಿಂದ ಇಳಿಸಿದ ಕೊಬ್ಬರಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಮಧ್ಯಾಹ್ನದ ಊಟ ಮುಗಿದಿತ್ತು. ಮಾವ ಜಗುಲಿಯ ಬೆಂಚಿನ ಮೇಲೆ ಮುಖಕ್ಕೆ ಟವಲು ಹಾಕಿಕೊಂಡು ಮಲಗಿದ್ದರು. ನಮ್ಮತ್ತೆ ಅವರ ಕಡೆ ಒಮ್ಮೆ ನೋಡಿ, ನಿದ್ದೆ ಬಂದಿದೆ ಅಂತ ಖಾತ್ರಿ ಮಾಡಿಕೊಂಡು, "ಮೆಲ್ಲಗೆ ಓದು" ಅಂದರು.

ಸಾರಾಂಶವೂ ಪೀಠಿಕೆಯೂ ಬೇಡ ಅಂದರು. ನೇರವಾಗಿ ಆ ಮರದ ಭಾಗಕ್ಕೆ ಬಂದೆ. ವಕ್ತೃ ಒಂದು ಕುಡುಗೋಲನ್ನು ಬೇಲಿಗೆ ಸಿಗಿಸಿದ ಕಡೆ ಅವರು ತಲೆಯಾಡಿಸಿದರು. ಕಡಲೆಬೀಜದ ಕಡೆ ನಕ್ಕರು. ಗಿಣ್ಣನ್ನು ಮುಟ್ಟಲಿಲ್ಲ ಅನ್ನುವಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು.

ಟವಲಿನ ಒಳಗಿಂದ ಮಾವನ ದನಿ ಬಂತು. "ಎಮ್ಮೆ ನೋಡೋಕೆ ಹೊರಟಿದ್ದಾ?"

ನಾನು ಓದುವುದು ನಿಲ್ಲಿಸಿದೆ. ನಮ್ಮತ್ತೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚುತ್ತ, "ಹೂಂ" ಅಂದರು.

ಮಾವ ಟವಲು ತೆಗೆದು ಎದ್ದು ಕೂತರು. "ಹೇಳಿದ್ರೆ ನಾನೇ ಕರ್ಕಂಡು ಹೋಗ್ತಿದ್ನಲ್ಲ."

"ಹೆಂಗೆ ಹೇಳೋದು? ಆಗ ನಿಮ್ಮನ್ನ ಕಂಡ್ರೆ ಹೆದ್ರಿಕೆ ಕಣ್ರೀ."

"ನಂಗೂ ನಿನ್ನ ಕಂಡ್ರೆ ಹಂಗೇ ಇತ್ತು" ಅಂದರು ಮಾವ.

ನಮ್ಮತ್ತೆ ಅವರನ್ನೇ ನೋಡುತ್ತಿದ್ದರು. ಮಾವ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಕೂತು, ಆ ಎಮ್ಮೆ ಆಮೇಲೆ ಏನಾಯಿತು, ಯಾರಿಗಾದರೂ ಹಾಲು ಕರೆಯಲು ಬಿಟ್ಟಿತಾ ಅಂತ ಕೇಳಿದರು. ನಮ್ಮತ್ತೆ ಹೇಳಲು ಶುರು ಮಾಡಿದರು. ನಾನು ಸಂಚಿಕೆ ಮಡಚಿಕೊಂಡು, ಕಾಫಿಗೆ ನೀರಿಡಲು ಒಳಗೆ ಹೋದೆ.